ಕೂಸಿನ ಕೈಗೆ ಏನು ಕೊಡಬೇಕು

ಮಂದಿಯ ಮನೆಗೆ ಊಟಕ್ಕೆ ಹೋದಾಗ ಎಲೆಗೆ ಏನೇ ಬೀಳಲಿ, ಬಾಯಿಗಿಡುವ ಮೊದಲು ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಚುಕಿ ನೋಡುವ ಕೆಟ್ಟ ಚಾಳಿಯೊಂದು ನನಗಿದೆ. ಬದನೆಕಾಯಿಯ ಹೋಳನ್ನೂ ಬಿಡುವುದಿಲ್ಲ, ಬುಂದಿ ಉಂಡಿಯನ್ನೂ ಬಿಡುವುದಿಲ್ಲ. ಮುದ್ದೇಬಿಹಾಳದಲ್ಲಿ ನಮ್ಮ ಮೈದುನನ ಮದುವೆಯಾದಾಗ ಗಂಡಿನ ಕಡೆಯ ಹಿರಿಯ ಸೊಸೆಯಾಗಿ ಪಂಕ್ತಿಯ ಮೊದಲಿಗೇ ಕೂತು ಹೀಗೆ ಉಂಡಿ ಹಿಚುಕಿದೆ. ಹೆಣ್ಣಿನ ತಂದೆ ಅದನ್ನು ಕಂಡು ಗಾಬರಿಯಾಗಿ ಓಡಿ ಬಂದರು. “ಉಂಡಿ ಗಟ್ಟಿ ಆಗ್ಯಾವೇನ್ರಿ?” ಎಂದು ಕೈ ಜೋಡಿಸಿದರು. “ಇಲ್ರಿ, ಭಾಳ ಛಲೋ ಆಗ್ಯಾವ” ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮದುವೆ ಮುಗಿಯುವವರೆಗೂ ನನ್ನ ಎಲೆಯ ಹತ್ತಿರವೇ ಸುಳಿದಾಡುತ್ತಿದ್ದರು. ಪಂಕ್ತಿಯಲ್ಲಿ ಇಲ್ಲದ ಒಂದು ಕೂಸಿನ ಸಲುವಾಗಿ ಹಿಚುಕುತ್ತಿದ್ದೇನೆಂದು ಆ ಪುಣ್ಯಾತ್ಮರಿಗೆ ಹೇಗೆ ತಿಳಿಸಿ ಹೇಳುವುದು?

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ನನಗೆ ಇಬ್ಬರು ಮಕ್ಕಳು. ಹಾಗೆಂದೇ ಹೇಳುತ್ತೇನೆ, ಯಾರಾದರೂ ಕೇಳಿದರೆ ಒಬ್ಬಳೇ ಎನ್ನಲು ಇಂದಿಗೂ ನಾಲಿಗೆ ಏಳುವುದಿಲ್ಲ. ಮೊದಲನೆಯವನು ಪ್ರಾಣೇಶ. ಎಪ್ಪತ್ತರ ದಶಕದ ಮೊದಮೊದಲಿಗೆ ನಾವು ಇಂಡಿಯಲ್ಲಿದ್ದಾಗ, ಹನ್ನೊಂದು ತಿಂಗಳಿನವನಾಗಿ ಹೋದ. ತಿನ್ನಬಾರದ್ದು ಅವನ ಕೈಗೆ ಸಿಕ್ಕಿತ್ತು. ಎರಡನೆಯವಳು ಸುಧಾ. ಅವನಿಗೆ ಹಾಗಾದ ಮೇಲೆ ಇವಳ ಕೈಗೆ ತಿನ್ನುವಂಥದ್ದು ಏನನ್ನೂ ಕೊಡುವ ಧೈರ್ಯ ನನಗಾಗಲಿಲ್ಲ. ಕೊಡದಿದ್ದರೆ ಇವಳೂ ಉಳಿಯುವ ಹಾಗಿರಲಿಲ್ಲ. ಕೂಸಿನ ಕೈಗೆ ಒಂದು ತುಂಡು ತಿನಿಸು ಇಡುವುದು ಇಷ್ಟು ದೊಡ್ಡ ಮಾತೇ ಎಂದು ನೀವು ಕೇಳಬಹುದು. ನನಗಂತೂ ಅದಕ್ಕಿಂತ ದೊಡ್ಡ ಮಾತು ಆ ವರ್ಷ ಇನ್ನೊಂದಿರಲಿಲ್ಲ.

ನಮ್ಮ ಕಡೆ ಸಂಕ್ರಮಣದ ಮರುದಿನವನ್ನು ಕರಿ ಎನ್ನುತ್ತಾರೆ. ಆ ದಿನ ಸಣ್ಣ ಮಕ್ಕಳಿಗೆ ಕಪ್ಪು ಅಂಗಿ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ, ಮಣೆಯ ಮೇಲೆ ಕೂಡಿಸಿ ತಲೆಯ ಮೇಲಿಂದ ಗಟ್ಟಿಬೀಜದ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಎಲ್ಲ ಬೆರೆಸಿ ಎರೆಯುತ್ತಾರೆ. ನೆರೆಮನೆಯ ಮಕ್ಕಳು ಗುದ್ದಾಡಿ ಆರಿಸಿಕೊಂಡು ತಿನ್ನುತ್ತವೆ. ಕೂಸಿಗೆ ದೃಷ್ಟಿ ತಾಗಬಾರದು, ಗಂಡಾಂತರ ಕಳೆಯಬೇಕು ಎಂದು ಮಾಡುವ ಕೆಲಸ. ಈಗ ಕೂತು ಯೋಚಿಸಿದರೆ, ಕೂಸಿನ ಗಂಟಲಿಗೆ ಯಾವುದು ಯಾವುದು ಹೋಗಬಾರದೋ ಅದನ್ನೆಲ್ಲ ಹುಡುಕಿ ತಂದು ಅದರ ನೆತ್ತಿಯ ಮೇಲೆಯೇ ಸುರಿಯುತ್ತೇವೆ. ಹಿಂದಿನವರಿಗೆ ಬುದ್ಧಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅವರ ತುಂಬಿದ ಮನೆಗಳಲ್ಲಿ ಒಂದು ಕೂಸಿನ ಮೇಲೆ ಹತ್ತು ಜನರ ಕಣ್ಣಿರುತ್ತಿತ್ತು. ನಮ್ಮ ಬಾಡಿಗೆ ಮನೆಯಲ್ಲಿ ಪ್ರಾಣೇಶನಿಗೆ ಎರೆದ ಆ ಸಂಜೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಯಾಕೆಂದರೆ ನಾನು ಆರತಿಯ ಹಾಡು ಹೇಳುತ್ತಿದ್ದೆ. ನನ್ನ ದನಿ ಚೆನ್ನಾಗಿದೆಯೆಂಬ ಜಂಬ ನನಗಿತ್ತು. ಐದು ನುಡಿಯ ಹಾಡನ್ನು ಐದೂ ನುಡಿ ಹೇಳಿದೆ.

ಆ ಸಲ ಬಾರಿಹಣ್ಣು ಕಡಿಮೆ ಸಿಕ್ಕಿದ್ದವು. ಬುಟ್ಟಿ ಅರ್ಧ ಖಾಲಿ ಕಾಣುತ್ತಿತ್ತು. ಬಂದ ಹೆಂಗಸರು ಏನಂದುಕೊಂಡಾರೆಂದು ನಾನೇ ಡಬ್ಬಿಯಿಂದ ಒಂದು ಮುಷ್ಟಿ ಪುಟಾಣಿ ತೆಗೆದು ಬೆರೆಸಿ, ಮೇಲೆ ಚುರುಮುರಿ ಹರಡಿ, ಸೀರೆ ಬದಲಿಸಲು ಒಳಗೆ ಹೋಗಿದ್ದೆ. ಹುರಿಗಡಲೆಯ ಬೇಳೆ ಗಾತ್ರದಲ್ಲಿ ಏನೂ ಅಲ್ಲ. ಆರತಿ ನಡೆದಾಗ ಪ್ರಾಣೇಶ ತನ್ನ ಅಂಗಿಯ ಮಡಿಕೆಯಿಂದ ಅದನ್ನು ಹೆಕ್ಕಿಕೊಂಡ. ಒಂದು ಸಲ ಕೆಮ್ಮಿದ. ಎರಡನೆಯ ಸಲ ಕೆಮ್ಮು ಬರಲಿಲ್ಲ. ಬೆನ್ನು ತಟ್ಟಿದೆವು, ತಲೆಕೆಳಗು ಮಾಡಿದೆವು, ಯಾರೋ ನೀರು ಕುಡಿಸಲು ನೋಡಿದರು. ಟಾಂಗಾ ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಪುಟಾಣಿ ಹಾಕಿದವರು ಯಾರೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರರು. ಆ ಬೇಸಿಗೆಯಲ್ಲೇ ಬೇಡಿಕೊಂಡು ಸಿಂದಗಿಗೆ ವರ್ಗ ಮಾಡಿಸಿಕೊಂಡರು. ಇವರ ತಾಯಿ, ನಮ್ಮ ಅತ್ತೆ, ನಮ್ಮ ಜೊತೆಗೇ ಬಂದರು. ಮೊದಲು ನನ್ನ ಪ್ರತಿಯೊಂದು ಸಾರಿಗೂ ಉಪ್ಪು ಹೆಚ್ಚು, ಹುಳಿ ಕಡಿಮೆ ಎನ್ನುತ್ತಿದ್ದವರು ಆಮೇಲೆ ನನ್ನೊಡನೆ ಮಾತನ್ನೇ ಬಿಟ್ಟಂತೆ ಮಾಡಿದರು. ಬೇಕು, ಬೇಡ, ಆಯ್ತು, ಇಷ್ಟೇ. ಅತ್ತೆಗೆ ಎಲ್ಲ ಗೊತ್ತಾಗಿದೆ, ನನ್ನ ಮುಖ ನೋಡಲು ಮನಸ್ಸಿಲ್ಲ ಎಂದು ನಾನು ತಿಳಿದೆ. ಅದು ನ್ಯಾಯವೆಂದೂ ತಿಳಿದೆ.

ಎರಡು ವರ್ಷಕ್ಕೆ ನನ್ನ ತವರು ಬಸವನ ಬಾಗೇವಾಡಿಯಲ್ಲಿ ಸುಧಾ ಹುಟ್ಟಿದಳು. ಬಾಣಂತನ ಮುಗಿಸಿ ಬರುವಾಗ ನನ್ನ ಅವ್ವ ಹಳೆಯ ಧೋತರದ ತುಂಡುಗಳನ್ನು ಕೂಸಿಗೆ ಹಾಸಲೆಂದು ಕಟ್ಟಿಕೊಟ್ಟಳು. ಅವುಗಳಲ್ಲಿ ಒಂದನ್ನೂ ಹಾಸಲಿಲ್ಲ. ಎಲ್ಲವೂ ಸೋಸುವ ಅರಿವೆಗಳಾದವು. ಗಂಜಿ ಸೋಸಿದೆ, ಬೇಳೆಯ ಕಟ್ಟು ಸೋಸಿದೆ, ಒಂದು ದಿನ ಹಾಲನ್ನೂ ಎರಡು ಸಲ ಸೋಸಿದೆ. ಇವರು ನೋಡಿ, “ನೀರು ಸೋಸೂದೊಂದು ಉಳಿದದ ನೋಡು” ಎಂದರು. ಅದನ್ನು ಅದಾಗಲೇ ಸೋಸಿ ಆಗಿತ್ತು.

ಅನ್ನಪ್ರಾಶನಕ್ಕೆ ಇವರು ತಮ್ಮ ಗ್ರಂಥಗಳನ್ನೆಲ್ಲ ಹರವಿಕೊಂಡು ಕೂತರು. ಯಾವ ತಿಂಗಳು, ಯಾವ ನಕ್ಷತ್ರ, ಕೂಸು ಯಾವ ದಿಕ್ಕಿಗೆ ಮುಖ ಮಾಡಬೇಕು, ಯಾರ ತೊಡೆಯ ಮೇಲೆ ಕೂಡಬೇಕು, ಎಲ್ಲಕ್ಕೂ ವಿಧಿಯಿತ್ತು. “ಮರುದಿನಕ್ಕ ಏನು ಕೊಡಬೇಕಂತ ಬರದಾರ?” ಎಂದು ಕೇಳಿದೆ. ಇವರು ಮೂರು ಪುಟ ಹಿಂದೆ ತಿರುವಿದರು, ಮೂರು ಪುಟ ಮುಂದೆ ತಿರುವಿದರು. ಮರುದಿನದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಬರೆದವರು ಆ ದಿನದ ಪಾಯಸ ಉಂಡು ಕೈ ತೊಳೆದುಕೊಂಡು ಹೋಗಿರಬೇಕು. ಉಳಿದ ವರ್ಷ ಉಣ್ಣಿಸಿದವರಿಗೆ ಬರೆಯಲು ಪುರುಸೊತ್ತು ಎಲ್ಲಿತ್ತು?

ಸುಧಾಳಿಗೆ ಶಾಸ್ತ್ರವೂ ಬೇಕಿರಲಿಲ್ಲ, ಸೋಸಿದ್ದೂ ಬೇಕಿರಲಿಲ್ಲ. ಒಂಬತ್ತನೆಯ ತಿಂಗಳಿಗೆ ಅವಳಿಗೆ ಕೈ ಬಂತು. ನನ್ನ ತಟ್ಟೆಗೆ ಕೈ, ಇವರ ತಟ್ಟೆಗೆ ಕೈ, ಚಮಚೆಗೆ ಕೈ. ಹಿಡಿದದ್ದೆಲ್ಲ ನೇರ ಬಾಯಿಗೆ. ನಾನು ಅವಳನ್ನು ತೊಡೆಯ ಮೇಲೆ ಮಲಗಿಸಿ, ಒಂದು ಕೈಯನ್ನು ನನ್ನ ಕಂಕುಳಲ್ಲಿ ಅದುಮಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಗಂಜಿ ಹಾಕುತ್ತಿದ್ದೆ. ಕನ್ನೊಳ್ಳಿಯಿಂದ ಸಂತೆಗೆ ಬಂದಾಗ ಬೆಣ್ಣೆ ಕೊಟ್ಟು ಹೋಗುವ ಗುರುಬಸವ್ವ ಒಂದು ದಿನ ಇದನ್ನು ನೋಡಿ, “ಬಾಯಾರ, ಕೂಸಿನ ಕೈ ಕಟ್ಟಿ ಉಣಸಾಕತ್ತೀರಲ್ರಿ, ಅದೇನ್ ಕಳವು ಮಾಡೇತೇನ್ರಿ?” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಆ ದಿನ ಅವಳ ಬೆಣ್ಣೆ ತೆಗೆದುಕೊಳ್ಳಲಿಲ್ಲ. ಬೆಣ್ಣೆ ಏನು ತಪ್ಪು ಮಾಡಿತ್ತು ಎಂದು ಇವರು ಕೇಳಿದ್ದಕ್ಕೆ ಇವರ ಮೇಲೂ ಹರಿಹಾಯ್ದೆ.

ಹನ್ನೊಂದನೆಯ ತಿಂಗಳು ದಾಟುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅದು ದಾಟಿತು. ಆದರೆ ಅಷ್ಟರಲ್ಲಿ ಸುಧಾ ಬಾಯಿ ಮುಚ್ಚಿಕೊಂಡಿದ್ದಳು. ಚಮಚೆ ಹತ್ತಿರ ಬಂದರೆ ಸಾಕು, ತುಟಿ ಬಿಗಿದು ಮುಖ ತಿರುವುತ್ತಿದ್ದಳು. ಗಲ್ಲ ಒಳಗೆ ಹೋದವು, ಕಾಲು ಕಡ್ಡಿಯಾದವು. ಡಾಕ್ಟರರು ತೂಗಿ ನೋಡಿದರು: ಒಂಬತ್ತು ತಿಂಗಳಿಗೆ ಎಷ್ಟಿದ್ದಳೋ ಹದಿಮೂರಕ್ಕೂ ಅಷ್ಟೇ. “ರೋಗ ಏನೂ ಇಲ್ರಿ. ಕೂತು ತಾನs ತಿನ್ನಲಿ, ಮೆತ್ತಂದು ಕೈಯಾಗ ಕೊಡ್ರಿ. ಹಿಂಗs ನಡದ್ರ ಕೂಸು ಉಳಿಯೂದು ಕಠಿಣ ಅದ” ಎಂದರು. ಮನೆಗೆ ಬಂದು ಒಂದು ಬಾಳೆಹಣ್ಣು ಸುಲಿದೆ. ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಿದಳು. ನಾನು ಆ ಹಣ್ಣನ್ನು ನನ್ನ ಬಾಯಿಗೇ ತುರುಕಿಕೊಂಡು ಅಳುತ್ತ ಕೂತೆ. ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು.

ಅದಾಗಿ ಒಂದು ವಾರಕ್ಕೆ ಮಧ್ಯಾಹ್ನ ಯಾರದೋ ಮನೆಗೆ ಅರಿಷಿಣ ಕುಂಕುಮಕ್ಕೆಂದು ಹೊರಟವಳು, ಅವರ ಮನೆಗೆ ಬೀಗ ಬಿದ್ದದ್ದು ನೋಡಿ ತಿರುಗಿ ಬಂದೆ. ಹಿತ್ತಲಲ್ಲಿ ಅತ್ತೆ ಗೋಡೆಗೆ ಆತು ಕೂತಿದ್ದರು. ಎದುರಿಗೆ ಸುಧಾ ನೆಟ್ಟಗೆ ಕೂತಿದ್ದಳು. ನಡುವೆ ಒಂದು ತಾಟಿನಲ್ಲಿ ಕುದಿಸಿದ ಗೆಣಸಿನ ಉದ್ದುದ್ದ ಹೋಳುಗಳು. ಅತ್ತೆ ಒಂದು ಹೋಳು ತಮ್ಮ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿ ಒಸಡಿನಲ್ಲಿ ಅದುಮಿ ನೋಡಿದರು. ಅವರಿಗೆ ಒಂದು ಹಲ್ಲೂ ಇರಲಿಲ್ಲ. ಆಮೇಲೆ ಅದೇ ಗೆಣಸಿನ ಇನ್ನೊಂದು ಹೋಳನ್ನು ತಾಟಿನ ಅಂಚಿಗೆ ಸರಿಸಿದರು. ಸುಧಾ ಅದನ್ನು ಮುಷ್ಟಿಯಲ್ಲಿ ಹಿಡಿದು, ಮೇಲೆ ಉಳಿದ ತುದಿಯನ್ನು ಚೀಪಿದಳು. ಮುಖವೆಲ್ಲ ಗೆಣಸು. ಅವಳು ಅಷ್ಟು ಗಂಭೀರವಾಗಿ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನಾನು ಓಡಿ ಹೋಗಿ ಕೂಸನ್ನು ಎತ್ತಿಕೊಂಡು ಬಾಯಿಗೆ ಬೆರಳು ಹಾಕಿ ಇದ್ದದ್ದನ್ನೆಲ್ಲ ತೆಗೆದೆ. ಅದು ಕಿರುಚಿಕೊಂಡಿತು. ಅತ್ತೆಗೆ ಏನೇನು ಅಂದೆನೋ ನೆನಪಿಲ್ಲ. ಕೊನೆಗೆ ಅಂದದ್ದು ಮಾತ್ರ ನೆನಪಿದೆ. ಒಂದನ್ನು ಕಳಕೊಂಡದ್ದು ಸಾಲಲಿಲ್ಲವೇ ಎಂದೆ. ಅತ್ತೆ ಎದ್ದು ನಿಲ್ಲಲೂ ಇಲ್ಲ.

“ನಾಲ್ಕು ದಿನಾತು ಕೊಡ್ಲಿಕ್ಕತ್ತು,” ಎಂದರು. “ನನ್ನ ಬಾಯಾಗ ಕರಗಿದ್ದು ಅಕಿ ಬಾಯಾಗೂ ಕರಗತದ. ನನ್ನ ಒಸಡಿಗೆ ಮಣೀಲಾರದ್ದು ನಾ ಕೊಡಂಗಿಲ್ಲ. ಮುಂಚೇನೂ ಹಿಂಗs ನೋಡಬೇಕಿತ್ತು, ನೋಡ್ಲಿಲ್ಲ. ಆ ದಿನ ಪುಟಾಣಿ ಹಾಕಿದಾಕಿ ನಾನವ್ವ.”

“ಅಲ್ರಿ ಅತ್ಯಾ, ನಾ ಹಾಕಿದ್ದು,” ಎಂದೆ.

ಅತ್ತೆ ನಂಬಲಿಲ್ಲ. “ನೀ ಸೀರಿ ಉಟಗೊಳ್ಳಿಕ್ಕೆ ಹೋಗಿದ್ದಿ. ಬುಟ್ಟಿ ತುಂಬಿಲ್ಲ ಅಂತ ನಾ ಒಂದು ಮುಷ್ಟಿ ಹಾಕಿದೆ. ಮ್ಯಾಲೆ ಚುರುಮುರಿ ಇತ್ತು, ಕೆಳಗೇನದ ನೋಡ್ಲಿಲ್ಲ. ಮೂರು ವರ್ಷ ಆತು, ಯಾವ ಮಾರಿ ಇಟಗೊಂಡು ನಿನ್ನ ಜೋಡಿ ಮಾತಾಡ್ಲಿ?”

ಕೂಸು ಅಳುತ್ತಲೇ ಇತ್ತು. ನಾನು ಅದನ್ನು ಎತ್ತಿಕೊಂಡೇ ಅಲ್ಲಿ ನೆಲದ ಮೇಲೆ ಕೂತೆ. ಒಂದೇ ಒಲೆಯ ಮುಂದೆ ಮೂರು ವರ್ಷ ಕೂತು, ಇಬ್ಬರೂ ಒಬ್ಬರಿಗೊಬ್ಬರು ಅಂಜಿಕೊಂಡು ಸಾರು ಕುದಿಸಿದ್ದೆವು. ಇದನ್ನು ಕೇಳಿ ನನ್ನ ಎದೆ ಹಗುರವಾಯಿತೆಂದು ಬರೆದರೆ ಸುಳ್ಳಾದೀತು. ತಪ್ಪನ್ನು ಇಬ್ಬರು ಹಂಚಿಕೊಂಡರೆ ಅರ್ಧರ್ಧ ಆಗುವುದಿಲ್ಲ, ಇಬ್ಬರಿಗೂ ಪೂರ್ತಿಯೇ ಉಳಿಯುತ್ತದೆ. ಯಾರ ಮುಷ್ಟಿಯದು ಅವನ ಗಂಟಲಿಗೆ ಹೋಯಿತೆಂದು ಯಾವ ದೇವರೂ ಬಂದು ಹೇಳುವುದಿಲ್ಲ. ಆದರೆ ಆ ದಿನದವರೆಗೆ ನಾನು ಒಬ್ಬಳೇ ಅಳುತ್ತಿದ್ದೆ, ಆ ಮಧ್ಯಾಹ್ನ ಇಬ್ಬರೂ ಕೂಡಿ ಅತ್ತೆವು. ಇವರು ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಚಹಾ ಕೂಡ ಆಗಿರಲಿಲ್ಲ.

ಆಮೇಲೆ ನಾವಿಬ್ಬರೂ ಪರೀಕ್ಷೆ ಶುರು ಮಾಡಿದೆವು. ಮಾಸ್ತರರ ಹೆಂಡತಿ ನಾನು, ಸುಮ್ಮನೆ ಯಾರನ್ನೂ ಪಾಸು ಮಾಡುವವಳಲ್ಲ. ಮೊದಲು ನನ್ನ ಎರಡು ಬೆರಳು, ಅನಂತರ ಅತ್ತೆಯ ಒಸಡು. ಕುಂಬಳಕಾಯಿ ಒಂದೇ ಏಟಿಗೆ ಪಾಸಾಯಿತು. ಗಜ್ಜರಿ ಹಸಿಯದು ನಪಾಸು, ಮೆತ್ತಗೆ ಕುದಿಸಿದ್ದು ಪಾಸು. ಬಾಳೆಹಣ್ಣು ಪಾಸಾದರೂ ಮುಷ್ಟಿಯಿಂದ ಜಾರಿ ಓಡುತ್ತಿತ್ತು. ಬುಡದಲ್ಲಿ ಒಂದಿಷ್ಟು ಸಿಪ್ಪೆ ಬಿಟ್ಟು ಕೊಡಬೇಕೆಂದು ಕಂಡುಹಿಡಿದದ್ದು ಅತ್ತೆ. ಬಿಳಿಜೋಳದ ರೊಟ್ಟಿ ಹಾಲಿನಲ್ಲಿ ಮುಳುಗಿ ತನ್ನ ಬಿಗುವು ಬಿಟ್ಟ ಮೇಲೆ ಪಾಸು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಬೀಜ ತೆಗೆಯಲು ಇವರನ್ನು ಕೂಡಿಸಿದರೆ ಶಾಲೆಯ ಗಂಟೆ ಹೊಡೆದರೂ ಒಂದು ಗೊಂಚಲು ಮುಗಿಯುತ್ತಿರಲಿಲ್ಲ. ಶೇಂಗಾ, ಪುಟಾಣಿ, ಒಣಕೊಬ್ಬರಿ ಕೂಸಿನ ಕೈಗೆ ಎಟಕುವ ಕೆಳಗಿನ ಗೂಡಿನಲ್ಲಿ ಇರಕೂಡದು. ಗುಡಿಯಲ್ಲಿ ಕೂಸಿನ ಕೈಗೆ ಕಲ್ಲುಸಕ್ಕರೆ ಇಟ್ಟ ಹಿರಿಯರೊಬ್ಬರೊಡನೆ ನಾನು ಜಗಳವಾಡಿದ್ದೂ ಉಂಟು. ಗುರುಬಸವ್ವನಿಂದ ಎರಡು ಪಟ್ಟು ಬೆಣ್ಣೆ ಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಇಷ್ಟಾದರೂ ಕೊಡುತ್ತಿದ್ದವರು ಅತ್ತೆ. ನಾನು ಬೇಯಿಸುತ್ತಿದ್ದೆ, ಹಿಚುಕುತ್ತಿದ್ದೆ, ತಾಟು ಇಟ್ಟು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಹದಿನೈದು ದಿನ ನೋಡಿದ ಅತ್ತೆ ಒಂದು ಮುಂಜಾನೆ, “ನಾ ಪೂಜಾಕ್ಕ ಕೂಡ್ತೀನಿ, ಇವತ್ತ ನೀ ಕೊಡು” ಎಂದರು. ಅಂದು ಏಕಾದಶಿಯ ಮರುದಿನ. ಹಿಂದಿನ ದಿನ ಪೂರ್ತಿ ನೀರೂ ಕುಡಿಯದ ಮುದುಕಿ, ತಣ್ಣೀರು ಸ್ನಾನ ಮಾಡಿ ಮಡಿ ಉಟ್ಟು ದೇವರ ಮುಂದೆ ಕೂತಿದ್ದರು. ಪೂಜೆ ಮುಗಿದು ಊಟವಾಗುವವರೆಗೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಪೂಜೆ. ನಾನಂತೂ ಸೊಸೆಯಾಗಿ ಬಂದ ಏಳು ವರ್ಷದಲ್ಲಿ ಆ ಹೊತ್ತಿಗೆ ಅವರ ನೆರಳನ್ನೂ ದಾಟಿದವಳಲ್ಲ.

ನಾನು ಕೂಸನ್ನು ನೆಟ್ಟಗೆ ಕೂಡಿಸಿ ಕುಂಬಳಕಾಯಿಯ ಒಂದು ಹೋಳನ್ನು ಅದರ ಅಂಗೈಯಲ್ಲಿ ಇಟ್ಟೆ. ಸುಧಾ ನನ್ನನ್ನು ನೋಡಿದಳು, ಹೋಳನ್ನು ನೋಡಿದಳು, ಬಾಯಿಗಿಟ್ಟಳು. ಸ್ವಲ್ಪ ಹೆಚ್ಚೇ ಒಳಗೆ ಹೋಯಿತು. ಓಕರಿಸಿದಳು, ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು. ನನ್ನ ಕೈ ಅವಳ ಬಾಯಿಯತ್ತ ನುಗ್ಗಿತು. ಅದು ತಲುಪುವ ಮೊದಲೇ ಯಾರೋ ನನ್ನ ಮಣಿಕಟ್ಟು ಹಿಡಿದರು. ಅತ್ತೆ ಪೂಜೆ ಬಿಟ್ಟು ಎದ್ದು ಬಂದಿದ್ದರು.

“ತಡಿ. ಬೆರಳ ಹಾಕಬ್ಯಾಡ, ಇನ್ನಷ್ಟು ಒಳಗ ಹೋಗತದ. ಕೆಮ್ಮಲಿಕ್ಕತ್ತಾಳ, ಅಂದ್ರ ಉಸುರು ಆಡ್ಲಿಕ್ಕತ್ತದ. ಅಕಿನs ತಗೀತಾಳ.”

ಸುಧಾ ಮತ್ತೊಮ್ಮೆ ಕೆಮ್ಮಿದಳು. ಎರಡನೆಯ ಕೆಮ್ಮು ಬಂತು. ಹೋಳು ಗದ್ದದ ಮೇಲೆ ಬಿತ್ತು. ಅದನ್ನು ಎತ್ತಿ, ತಿರುಗಿಸಿ ನೋಡಿ, ಈ ಸಲ ತುದಿಯನ್ನಷ್ಟೇ ಚೀಪತೊಡಗಿದಳು. ಅತ್ತೆಯ ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇತ್ತು. ಆಗ ನನಗೆ ಎಚ್ಚರವಾಯಿತು.

“ಅತ್ಯಾ, ನಿಮ್ಮ ಮಡಿ ಹೋತಲ್ರಿ. ನಿನ್ನಿಂದ ಉಪಾಸ ಇದ್ದೀರಿ.”

“ಹೋಗ್ಲಿ ಬಿಡು. ಅಕಿಗೆ ಇನ್ನೊಂದು ಕೊಡು,” ಎಂದು ಅತ್ತೆ ನೆಲಕ್ಕೆ ಕೈಯೂರಿ ನನ್ನ ಪಕ್ಕದಲ್ಲೇ ಕೂತರು. “ನಾ ಹ್ಯಾಂಗೂ ಮೈಲಿಗಿ ಆಗೀನಿ. ಅಕಿದು ಉಂಡು ಮುಗೀಲಿ, ಅಲ್ಲೀತನಕಾ ಹಿಂಗs ಕೈ ಹಿಡಕೊಂಡು ಕೂಡೂಣು.”