ಬಿಳಿ ಅನ್ನದಲ್ಲಿ ಬಚ್ಚಿಟ್ಟದ್ದು

ದಢೇಸುಗೂರಿನ ನಮ್ಮ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತೇನೆ. ತೂಕ ಏರದ ಮಗುವಿನ ತಾಯಿಯನ್ನು ಕೂಡಿಸಿಕೊಂಡು, ಬೇಯಿಸಿದ ತತ್ತಿಯ ಹಳದಿಯನ್ನು ಕಿವುಚಿ ಅನ್ನದಲ್ಲಿ ಕಲಸಿ ಕೊಡಿ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ ಎಂದು ಹೇಳುತ್ತೇನೆ. ಹೇಳುತ್ತಿದ್ದೆ ಎನ್ನಬೇಕು. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ನನ್ನ ಮಗಳಿಗೆ ಏಳು ವರ್ಷ. ಮೊಲೆ ಬಿಟ್ಟಾಗಿನಿಂದ ಅವಳು ತಿನ್ನುವುದು ಬಿಳಿ ಅನ್ನ, ಮೇಲೆ ಚಿಟಿಕೆ ಉಪ್ಪು, ಒಂದೇ ಬಗೆಯ ಬಿಸ್ಕತ್ತು. ಕಾಲುವೆ ನೀರಿನ ಊರು, ಅನ್ನಕ್ಕೇನೂ ಬರವಿಲ್ಲ. ಆದರೆ ಸಾರಿನ ಒಂದು ಹನಿ ಸಿಡಿದರೂ ತಾಟು ಸರಿಸುತ್ತಾಳೆ. ಅದು ಹಟವಲ್ಲ, ಹೆದರಿಕೆ. ಕೊರಳು ಬಿಗಿಯುವುದು ನನಗೆ ಕಾಣುತ್ತದೆ. ಓಣಿಯವರು ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಅತ್ತೆ ಮಾತ್ರ ನನ್ನ ಕಡೆ ನೋಡಿ, ನಮ್ಮ ಮನೆತನದಲ್ಲಿ ಇಂಥವರು ಯಾರೂ ಹುಟ್ಟಿಲ್ಲ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ನನ್ನ ತವರು ಮಸ್ಕಿ ಕಡೆಯ ಒಣಭೂಮಿಯ ಹಳ್ಳಿ. ಅಪ್ಪ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ಮದುವೆಗೆ ಹೋದರೂ ಹೆಗಲ ವಸ್ತ್ರದಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ. ಗಂಡಸು ನೋಡಿ, ಶಿಸ್ತಿನ ಮನುಷ್ಯ ಎಂದು ಹೆಸರಾಯಿತು. ನನಗೆ ಆ ಮರ್ಯಾದೆ ಸಿಗಲಿಲ್ಲ. ಬದನೆಕಾಯಿಯ ಲೋಳೆ ನಾಲಿಗೆಗೆ ತಾಗಿದರೆ ಸಾಕು, ವಾಂತಿ. ಅವ್ವ ಮೂಗು ಹಿಡಿದು ತುರುಕುತ್ತಿದ್ದಳು, ಕಾರಿದರೆ ಹೊಡೆಯುತ್ತಿದ್ದಳು. ಅಗಿಯದೆ ನುಂಗುವುದನ್ನು ಕಲಿತೆ. ಇವತ್ತಿಗೂ ಗಂಡನ ಮನೆಯವರೆದುರು ಹಾಗೆಯೇ ನುಂಗುತ್ತೇನೆ.

ಹೋದ ಬೇಸಿಗೆಯಲ್ಲಿ ಮಗಳನ್ನೂ ಅಂಗನವಾಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಅಂಕಿ ವಯಸ್ಸಿಗೆ ತೀರ ಕಡಿಮೆ. ಊರಿಗೆಲ್ಲ ಹೇಳುವ ಬುದ್ಧಿಯನ್ನು ಅಂದು ಮಧ್ಯಾಹ್ನ ನನ್ನ ಮನೆಯಲ್ಲೂ ನಡೆಸಿದೆ. ಚೂರೇ ಚೂರು ಹಳದಿ, ಅನ್ನದ ಅಡಿಯಲ್ಲಿ. ಎರಡನೆಯ ತುತ್ತಿಗೇ ಅವಳ ಬಾಯಿ ನಿಂತಿತು. ಅಳಲಿಲ್ಲ. ಬಾಯಲ್ಲಿದ್ದುದನ್ನು ಅಂಗೈಗೆ ತೆಗೆದುಕೊಂಡು ಬೆರಳಿನಿಂದ ಬಿಡಿಸಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅಂದಿನಿಂದ ಅನ್ನವನ್ನೂ ಬಿಟ್ಟಳು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಐದನೆಯ ದಿನಕ್ಕೆ ನಿತ್ರಾಣವಾದಳು. ಅತ್ತೆಯೂ ನಾನೂ ಅವಳನ್ನು ಸಿಂಧನೂರಿಗೆ, ಮಕ್ಕಳ ಡಾಕ್ಟರ ಬಳಿಗೆ ಕರೆದೊಯ್ದೆವು. ಸಲೈನ್ ಹಚ್ಚಿಸಿ ಆ ಡಾಕ್ಟರಮ್ಮ ಸಮಾಧಾನದಿಂದ ಮಾತಾಡಿದರು. ಇದು ಸೊಕ್ಕಲ್ಲ, ಕಾಯಿಲೆ. ಸ್ವಲ್ಪ ರಕ್ತದಲ್ಲಿ ಬರುತ್ತದೆ, ಒತ್ತಾಯ ಮಾಡಿದರೆ, ಮೋಸ ಮಾಡಿದರೆ ಇನ್ನೂ ಗಟ್ಟಿಯಾಗುತ್ತದೆ ಎಂದರು. ಆಮೇಲೆ ನನ್ನನ್ನೇ ಕೇಳಿದರು.

"ನಿಮ್ಮ ಕಡೆ ಯಾರಿಗರ ಸಣ್ಣವರಿದ್ದಾಗ ಹಿಂಗ ಇತ್ತೇನ್ರೀ?"

ಅತ್ತೆ ಪಕ್ಕದಲ್ಲೇ ಕೂತಿದ್ದರು. "ಇಲ್ರೀ, ಯಾರಿಗೂ ಇದ್ದಿಲ್ಲ" ಎಂದೆ.

ಮಗಳು ಮಂಚದ ಮೇಲೆ ಕಣ್ಣು ತೆರೆದೇ ಮಲಗಿದ್ದಳು. ಲೋಕದಲ್ಲಿ ನೀನೊಬ್ಬಳೇ ಹೀಗೆ ಎಂದು ಹೆತ್ತವಳೇ ಅವಳಿಗೆ ಹೇಳಿದಂತಾಯಿತು. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ವಾರದ ಮೇಲೆ ಒಬ್ಬಳೇ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಮನೆಗೆ ಬಂದು ಮಗಳೆದುರೇ ಅತ್ತೆಗೂ ಹೇಳಿದೆ, ಅಪ್ಪನದು, ನನ್ನದು, ತತ್ತಿಯದು, ಎಲ್ಲ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ.

"ಮೊದ್ಲ ಹೇಳಿದ್ರ ಕೂಸಿಗೆ ನಾ ಅಷ್ಟು ಬೈತಿದ್ದಿಲ್ಲ" ಎಂದಷ್ಟೇ ಅತ್ತೆ ಹೇಳಿದರು.

ಮರುದಿನದಿಂದ ಅತ್ತೆಯೇ ಮೊಮ್ಮಗಳನ್ನು ಒಲೆಯ ಮುಂದೆ ಕೂಡಿಸಿಕೊಂಡು, ಅಕ್ಕಿ ತೊಳೆಯುವುದರಿಂದ ಬಸಿಯುವವರೆಗೆ ಎಲ್ಲವನ್ನೂ ತೋರಿಸಿ ಅನ್ನ ಮಾಡಿದರು. ತಿಂಗಳು ಹಿಡಿಯಿತು, ಆದರೂ ತುತ್ತು ತುತ್ತಾಗಿ ಅನ್ನ ಮರಳಿತು. ನಾನು ಬಡಿಸಿದರೆ ಮಾತ್ರ ಇಲ್ಲ.

ಮೊನ್ನೆ ಅವಳಿಗೆ ಜ್ವರ ಬಂದಿತ್ತು. ತುಟಿ ಒಣಗಿದ್ದು ನೋಡಿ ಕೊಡದಿಂದ ಬಗ್ಗಿಸಿ ನೀರು ಕೊಟ್ಟೆ, ಬರೀ ನೀರು. ಲೋಟವನ್ನು ಮೂಸಿದಳು. ಎದ್ದು ಕೂತು ಅದನ್ನು ಅತ್ತೆಯ ಕಡೆ ಚಾಚಿದಳು.

"ಅಜ್ಜಿ, ನೀ ಮೊದ್ಲ ಕುಡಿ."

ಅತ್ತೆ ನನ್ನ ಮುಖ ನೋಡದೆ ಒಂದು ಗುಟುಕು ಕುಡಿದರು. ಆಮೇಲೆ ಅವಳು ಕುಡಿದಳು.