ಮುಷ್ಟಿಯೊಳಗಿನ ಬೋಣಿಗಿ

ಬಡವನ ಸಿಟ್ಟು ದವಡಿಗೆ ಮೂಲ ಅಂತಾರ. ನಮ್ಮವ್ವ ಈ ಮಾತನ್ನ ದಿನಕ್ಕ ಒಂದ್ಸಲ ಆದ್ರೂ ನನಗ ಹೇಳಾಕಿ. ಯಾಕಂದ್ರ ಸಣ್ಣಾಕಿ ಇದ್ದಾಗಿಂದ ನನ್ನ ಸಿಟ್ಟು ಮೂಗಿನ ತುದಿಮ್ಯಾಲೆ. ನಾನು ಅವತ್ತೂ ಆ ಮಾತು ಒಪ್ಪಿಲ್ಲ, ಇವತ್ತೂ ಒಪ್ಪಂಗಿಲ್ಲ. ನನ್ನ ಸಿಟ್ಟು ನನ್ನ ದವಡಿಗೆ ಏನೂ ಮಾಡ್ಲಿಲ್ಲ. ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಬರೋಬ್ಬರಿ ಮುಟ್ಟೈತಿ.

ನಮ್ಮೂರು ಇರಕಲ್ಲಗಡ. ನಾನು ಬಿಎಸ್ಸಿ ಓದಿದ್ದು ಗಂಗಾವತಿಯೊಳಗ, ಅದೂ ಫಿಜಿಕ್ಸು. ಅಪ್ಪ ಕುರಿ ಕಾಯ್ತಿದ್ದ, ಅವ್ವ ಕೂಲಿಗೆ ಹೋಗ್ತಿದ್ದಳು. ರೂಮಿಗೆ ಕೊಟ್ರ ಪುಸ್ತಕಕ್ಕ ಇಲ್ಲ, ಪುಸ್ತಕಕ್ಕ ಕೊಟ್ರ ಬಸ್ಸಿಗೆ ಇಲ್ಲ. ಅದಕ್ಕ ಎರಡನೇ ವರ್ಷದಾಗ ಒಂದು ಮೋಟರ್ ಅಂಗಡ್ಯಾಗ ಕೆಲಸಕ್ಕ ಸೇರ್ಕೊಂಡೆ. ಮೋಟರ್ ಅಂದ್ರ ಕಾರಲ್ಲ, ನೀರೆತ್ತೋ ಮೋಟರ್. ಪಂಪು, ಸ್ಟಾರ್ಟರ್, ಕೇಬಲ್, ಪೈಪು. ಭತ್ತದ ರೈತರು ಮರಳಿ ಊರಿನ ಕಡಿಯಿಂದ ಬರ್ತಿದ್ರು, ಬೋರಿನ ಗಿರಾಕಿಗಳು ಕುಷ್ಟಗಿ, ಯಲಬುರ್ಗಾದಿಂದ. ಮುಂಜಾನೆ ಅಂಗಡಿ ತೆಗದು, ಕಸ ಹೊಡದು, ಊದಿನಕಡ್ಡಿ ಹಚ್ಚಿ ಕಾಲೇಜಿಗೆ ಹೋಗೂದು. ಸಂಜಿಕ್ಕ ಬಂದು ಬಿಲ್ಲು ಬರಿಯೂದು. ಇಷ್ಟು ನನ್ನ ಕೆಲಸ.

ನಾನು ಸೇರಿದ ವಾರನ ಒಂದಿನ ಮುಂಜಾನೆ ಮೊದಲನೇ ಗಿರಾಕಿ ರೊಕ್ಕ ನನ್ನ ಕೈಯಾಗ ಕೊಟ್ಟ. ಅವತ್ತು ಸಂಜಿತನಕ ಗಿರಾಕಿ ಮ್ಯಾಲೆ ಗಿರಾಕಿ. ಮರುದಿನಾನೂ ಹಂಗ ಆತು. ಅಂಗಡಿ ಸಾವ್ಕಾರ್ರು ಎದ್ದು ನಿಂತು ಹೇಳೇಬಿಟ್ರು, "ಈ ಹುಡುಗಿ ಕೈಗುಣ ಭಾಳ ಛಲೋ ಐತಿ. ಇನ್ನ ಮ್ಯಾಲೆ ಬೋಣಿಗಿ ಅಂದ್ರ ಇಕಿ ಕೈಲೇ ಆಗಬೇಕು." ಅವತ್ತಿಂದ ದಿನದ ಮೊದಲನೇ ರೊಕ್ಕ ನಾನ ತಗೊಂಡು, ಕಣ್ಣಿಗೊತ್ತಿಕೊಂಡು ಗಲ್ಲಾದಾಗ ಹಾಕಬೇಕು. ಅದು ಆಗೂತನಕ ಬ್ಯಾರೆ ಯಾರೂ ಗಲ್ಲಾ ಮುಟ್ಟೂಹಂಗಿಲ್ಲ.

ಖರೆ ಸಂಗತಿ ಏನಂದ್ರ, ನಾನು ಸೇರಿದ್ದು ಕಾಲುವಿ ನೀರು ಬಂದ್ ಆಗೋ ಹೊತ್ತಿನಾಗ. ಆಗ ಗದ್ದಿಗೆ ಮೋಟರ್ ನೀರ ಗತಿ, ಆ ಅಂಗಡ್ಯಾಗ ಕತ್ತೆ ತಂದು ಕುಂದ್ರಿಸಿದ್ರೂ ಮೋಟರ್ ಮಾರಾಟ ಆಗ್ತಿದ್ವು. ಫಿಜಿಕ್ಸಿನಾಗ ಎಲ್ಲಾದಕ್ಕೂ ಒಂದು ಸೂತ್ರ ಐತಿ, ಕೈಗುಣಕ್ಕ ಇಲ್ಲ. ಆದ್ರ ನಾನ್ಯಾಕ ಬಾಯಿ ಬಿಡ್ಲಿ? ಕೈಗುಣ ಹೊಗಳಿದ ಸಾವ್ಕಾರ್ರು ಪಗಾರದ ಮಾತು ಬಂದ್ರ ಮಾತ್ರ ಕಿವುಡರಾಗ್ತಿದ್ರು.

ಹಿಂಗ ನಡದು ಕೊನೇ ಸೆಮಿಸ್ಟರಿನ ಪರೀಕ್ಷಾ ಬಂತು. ಆ ಸಲ ಎಲ್ಲಾ ಪೇಪರ್ ಪಾಸಾದ್ರ ಅದ ವರ್ಷ ಎಂಎಸ್ಸಿಗೆ ಸೀಟು. ಒಂದು ಪೇಪರ್ ಉಳದ್ರೂ ಸೀಟಿಲ್ಲ, ವರ್ಷ ಹೋತು. ನನಗ ಬ್ಯಾರೆ ಆಸೆ ಅಂತ ಇರಲಿಲ್ಲ, ಇದೊಂದ. ಪರೀಕ್ಷಾ ಮುಗಿಯೂತನಕ ರಜಾ ಕೊಡ್ರಿ ಅಂತ ಸಾವ್ಕಾರ್ರನ್ನ ಕೇಳಿದೆ.

"ಬರಿ ತಂಗಿ, ಪರೀಕ್ಷಾ ಬರಿ. ಯಾರು ಬ್ಯಾಡ ಅಂದ್ರು? ಮುಂಜಾನೆ ಬಂದು ಬೋಣಿಗಿ ಮಾಡಿಕೊಟ್ಟು ಹೋಗಿಬಿಡು, ಅಷ್ಟ."

ಅಷ್ಟ ಅಂತ! ಬೋಣಿಗಿ ಏನು ನನ್ನ ಕೈಯಾಗ ಐತೇನು? ಗಿರಾಕಿ ಬರಬೇಕಲ್ಲ. ವಾರ್ನಿಶ್ ವಾಸನಿಯೊಳಗ, ಸುಟ್ಟ ಮೋಟರಿನ ನಡುವ ಸ್ಟೂಲಿನ ಮ್ಯಾಲೆ ಕುಂತು ಪುಸ್ತಕ ತೆಗದು ಒಂದು ಕಣ್ಣು ಪಾಠದ ಮ್ಯಾಲೆ, ಒಂದು ಕಣ್ಣು ರಸ್ತೆ ಮ್ಯಾಲೆ. ಒಮ್ಮೆ ನನ್ನ ಪುಸ್ತಕ ನೋಡಿ ಸಾವ್ಕಾರ್ರು ಕೇಳಿದ್ರು, "ಏನದು ಕ್ವಾಂಟಮ್ಮು?" ಸಣ್ಣ ಕಣ ಒಂದ ಹೊತ್ತಿನಾಗ ಎರಡು ದಾರಿ ಹಿಡಿತೈತ್ರಿ, ಅಲ್ಲೂ ಇರ್ತೈತಿ ಇಲ್ಲೂ ಇರ್ತೈತಿ ಅಂದೆ. ಹೊಟ್ಟಿ ಕುಣಿಸಿ ನಕ್ಕು ಅಂದ್ರು, "ಹಂಗಾದ್ರ ನಿನಗ್ಯಾಕ ರಜಾ? ಅಂಗಡ್ಯಾಗೂ ಇರು, ಪರೀಕ್ಷಾದಾಗೂ ಇರು!" ಮೂಲ್ಯಾಗ ಸುಟ್ಟ ಮೋಟರಿಗೆ ತಂತಿ ಸುತ್ತಿ ವೈಂಡಿಂಗ್ ಮಾಡೋರೆಲ್ಲ ನಕ್ರು. ನಾನೂ ನಕ್ಕಂಗ ಮಾಡಿದೆ. ಒಳಗ ಮಾತ್ರ ಆ ಮಾತು ಮುಳ್ಳಿನಂಗ ಮುರದು ಕುಂತ್ಕೊಂತು.

ಮೊದಲಿನ ಪೇಪರ್‌ಗಳಿಗೆ ಹೆಂಗೋ ಹೊತ್ತಿಗೆ ಸರಿಯಾಗಿ ಗಿರಾಕಿ ಬಂದ್ರು. ಒಂದಿನ ಫ್ಯೂಸಿಗೆ ಒಬ್ಬ, ಒಂದಿನ ಕೇಬಲ್ಲಿಗೆ ಒಬ್ಬ. ಬೋಣಿಗಿ ಮಾಡಿ ಓಡಿ ಹೋಗಿ ಬರದೆ. ಕ್ವಾಂಟಮ್ ಪೇಪರ್ ಮಾತ್ರ ಬಂದು ಬಿದ್ದಿದ್ದು ಮಣ್ಣೆತ್ತಿನ ಅಮಾಸಿ ದಿನ.

ಅವತ್ತು ಅಂಗಡ್ಯಾಗ ಸಾವ್ಕಾರ್ರ ಹೆಂಡತಿನೂ ಇದ್ರು. ನಾವೆಲ್ಲ ಅವರಿಗೆ ಅಕ್ಕಾರು ಅಂತಿದ್ವಿ. ಎರಿಮಣ್ಣಿನ ಜೋಡೆತ್ತು ಮಾಡಿ, ಜ್ವಾಳದ ಕಾಳಿನ ಕಣ್ಣಿಟ್ಟು, ಗಲ್ಲಾದ ಬಾಜೂಕ ಕಟಗಿ ಮಣಿಮ್ಯಾಲೆ ಕುಂದ್ರಿಸಿದ್ರು. ನನ್ನ ಕೈಯಾಗ ಹಾಲ್ ಟಿಕೆಟ್ ನೋಡಿ, "ತಾ ಇಲ್ಲಿ, ಬಸವಣ್ಣನ ಮುಂದ ಇಡ್ತೀನಿ, ಛಲೋ ನಂಬರ್ ಬರ್ತಾವ" ಅಂದ್ರು. ಪ್ರೀತಿಲೆ ಕೇಳಿದ್ರು, ಕೊಟ್ಟೆ. ಅವರು ಅದಕ್ಕ ಕುಂಕುಮ ಹಚ್ಚಿ ಎತ್ತಿನ ಕಾಲಾಗ ಇಟ್ರು. ಪೂಜಾಕ್ಕ ಇಟ್ಟಿದ್ದನ್ನ ಆರತಿ ಆಗೂತನಕ ಎತ್ತೂಹಂಗಿಲ್ಲ. ಆರತಿ ಆಗಬೇಕಂದ್ರ ಬೋಣಿಗಿ ರೊಕ್ಕ ಬಸವಣ್ಣನ ಮುಂದ ಬೀಳಬೇಕು. ಅದು ಆ ಅಂಗಡಿ ಪದ್ಧತಿ.

ಬೋಣಿಗಿ ಎಲ್ಲಿಂದ ಆಗ್ತದ್ರಿ? ಮಣ್ಣೆತ್ತಿನ ಅಮಾಸಿ ದಿನ ಯಾವ ರೈತ ಮನ್ಯಾಗ ಎತ್ತಿನ ಪೂಜಾ ಬಿಟ್ಟು ಮೋಟರ್ ಕೊಳ್ಳಾಕ ಬರ್ತಾನ? ರಸ್ತೆ ಭಣಭಣ ಅಂತಿತ್ತು. ನಾನು ಗಡಿಯಾರ ನೋಡೂದು, ಸಾವ್ಕಾರ್ರು ಎಲಿ ಅಡಿಕಿ ಮಡಚಿಕೋತ ಹೇಳೂದು, "ಒಂದೀಟು ತಡಿ ತಂಗಿ, ಈಗ ಬಂದ್ಬಿಡ್ತಾರ."

"ಸಾವ್ಕಾರ್ರ, ನಾನ ಒಂದು ಫ್ಯೂಸ್ ವೈರ್ ಕೊಳ್ತೀನ್ರಿ. ನನ್ನ ರೊಕ್ಕಾನ ಬೋಣಿಗಿ ಮಾಡ್ಕೋರಿ."

"ಅಂಗಡಿಯವರ ರೊಕ್ಕ ಬೋಣಿಗಿ ಆಗಂಗಿಲ್ಲವಾ. ಒಂದೀಟು ತಡಿ."

ಪರೀಕ್ಷಾ ಹೊತ್ತಾತು. ಕಾಲೇಜಿನಾಗ ಗಂಟಿ ಹೊಡದಿರ್ತಾರ, ಪೇಪರ್ ಹಂಚಿರ್ತಾರ. ನನ್ನ ಕಣ್ಣಾಗ ನೀರು ಬಂದ್ವು. "ಕಾಲಿಗೆ ಬೀಳ್ತೀನ್ರಿ, ಬಿಡ್ರಿ" ಅಂದೆ. ಆ ಮನಷ್ಯಾ ಅದ ದನಿಯೊಳಗ, ಒಂದ ಎಳಿ ಹೆಚ್ಚಿಲ್ಲ ಕಡಿಮಿಲ್ಲ, ಅಂದ: "ಒಂದೀಟು ತಡಿ ತಂಗಿ, ಈಗ ಬಂದ್ಬಿಡ್ತಾರ."

ಆಮ್ಯಾಲೆ ನಾನು ತಡೀಲಿಲ್ಲ. ಮಣಿಗೆ ಕೈ ಹಾಕಿ ಹಾಲ್ ಟಿಕೆಟ್ ಎಳಕೊಂಡೆ. ಒಂದು ಎತ್ತು ಉರುಳಿ ಕೋಡು ಮುರೀತು. ಅಕ್ಕಾರು "ಅಯ್ಯ ಶಿವನ!" ಅಂತ ಚೀರಿದ್ರು. ನಾನು ಓಡಿದೆ, ಆಟೋ ಹತ್ತಿದೆ, ಕಾಲೇಜಿನ ಗೇಟಿಗೆ ಬಂದೆ. ಅರ್ಧ ತಾಸು ದಾಟಿತ್ತು. ಒಳಗ ಬಿಡಾಕ ಬರಂಗಿಲ್ಲ, ನಿಯಮ. ಗೇಟಿನ ಸರಳು ಹಿಡ್ಕೊಂಡು ನಿಂತೆ. ಕಿಟಕ್ಯಾಗ ನನ್ನ ಗೆಳತಿಯರ ತಲಿ ಕಾಣ್ತಿದ್ವು, ಬಗ್ಗಿ ಬರಿಯಾಕತ್ತಿದ್ರು. ಹಾಲ್ ಟಿಕೆಟ್ಟಿನ ಕುಂಕುಮ ಬೆವರಿಗೆ ಕರಗಿ ಅಂಗೈ ತುಂಬ ಹತ್ತಿತ್ತು. ವರ್ಷ ಹೋಗಿದ್ದು ಹಂಗ.

ವಾಪಸ್ ಅಂಗಡಿಗೆ ಬಂದಾಗ ಸಾವ್ಕಾರ್ರ ಮುಖದಾಗ ಒಂದು ಹನಿ ನಾಚಿಕಿ ಇದ್ದಿದ್ರ ಬಹುಶಃ ನಾನು ಅಷ್ಟಕ್ಕ ಬಿಡ್ತಿದ್ದೆ. ಇರಲಿಲ್ಲ. "ಬಸವಣ್ಣನ ಕೋಡು ಮುರದಿ, ಅದಕ್ಕ ಹಿಂಗಾತು. ಹೋಗ್ಲಿ ಬಿಡು, ಮುಂದಿನ ವರ್ಷ ಬರದ್ರಾತು. ನಾಳೆ ಲಗೂನ ಬಾ, ಇವತ್ತು ಬೋಣಿಗಿನ ಆಗಿಲ್ಲ" ಅಂದ್ರು. ನಾನು ಹೂಂ ಅಂದೆ. ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರಲ್ಲ, ಆ ಹೂಂನೊಳಗ ಅದು ಇತ್ತು.

ಮರುದಿನ ಲಗೂನ ಹೋದೆ. ಕಸ ಹೊಡದೆ, ಊದಿನಕಡ್ಡಿ ಹಚ್ಚಿದೆ. ಮರಳಿಯ ಒಬ್ಬ ದೊಡ್ಡ ರೈತ ಹೊಸಾ ಮೋಟರ್ ಆರಿಸಿ, ನೋಟಿನ ಕಟ್ಟು ತೆಗದು ನನ್ನ ಕಡೆ ಚಾಚಿದ. ಸಾವ್ಕಾರ್ರು ಕೈ ಮುಗುದು ಕಣ್ಣು ಮುಚ್ಚಿ ನಿಂತಿದ್ರು. ನಾನು ರೊಕ್ಕ ಮುಟ್ಟಲಿಲ್ಲ. ಎಲ್ಲಾರೂ ನೋಡಂಗ ಗಲ್ಲಾದ ಮುಚ್ಚಳದ ಮ್ಯಾಲೆ ಅಂಗೈ ಸವರಿದೆ, ಈ ತುದಿಯಿಂದ ಆ ತುದಿತನಕ ನಿಧಾನಕ್ಕ, ಹಿಟ್ಟು ಬಳಕೊಂಡಂಗ. ಆಮ್ಯಾಲೆ ಮುಷ್ಟಿ ಬಿಗಿ ಕಟ್ಟಿದೆ.

"ಸಾವ್ಕಾರ್ರ, ಈ ಕೈಗುಣ ನಂದು. ನಾನ ತಂದಿದ್ದೆ, ನಾನ ಒಯ್ತೀನಿ."

"ಏಯ್! ಏನ್ ಮಾಡಾಕತ್ತಿ ಅದು? ಮುಷ್ಟಿ ಬಿಚ್ಚು!"

ಬಿಚ್ಚಲಿಲ್ಲ. ಮೆಟ್ಟಲ ಇಳದೆ. ಹಿಂದ ಆ ರೈತ ನೋಟಿನ ಕಟ್ಟು ಕಿಸೇಕ್ಕ ಇಳಿಸಿಕೋತ, "ಲಕ್ಷ್ಮೀನ ಹೊರಗ ಹೊಂಟಾಳಲ್ರಿ. ಇವತ್ತು ಬ್ಯಾಡ ಬಿಡ್ರಿ, ಮತ್ತ ಬರ್ತೀನಿ" ಅನ್ನೂದು ಕೇಳಿಸ್ತು. ಆಹಾ! ಆ ಮಾತು ಕಿವ್ಯಾಗ ಬಿದ್ದಾಗ ಆದ ಖುಷಿ ನನಗ ಯಾವ ರಿಸಲ್ಟ್ ನೋಡಿದಾಗೂ ಆಗಿಲ್ಲ.

ರಸ್ತೆ ದಾಟಿ ಎದುರಿನ ಮೋಟರ್ ಅಂಗಡಿಗೆ ಹೋದೆ. ಅದರ ಮಾಲಕರು ಕೂದಲು ಬೆಳ್ಳಗಾದ ಸಮಾಧಾನದ ಮನಷ್ಯಾ, ವರ್ಷಾನುಗಟ್ಟಲೆ ನಮ್ಮ ಸಾವ್ಕಾರ್ರ ಗಿರಾಕಿ ನೋಡಿಕೋತ ಕುಂತವರು. ನಾನು ರಸ್ತೆಗೆ ಬೆನ್ನು ಮಾಡಿ ನಿಂತೆ. ಆಚಿ ಕಡಿಯಿಂದ ನೋಡೋರಿಗೆ ನನ್ನ ಕೈ ಕಾಣಬಾರದು ಅಂತ.

"ಕೈಯಾಗ ಏನೈತವಾ?" ಅಂತ ಕೇಳಿದ್ರು.

"ಏನಿಲ್ರಿ ಅಜ್ಜಾರ. ಕೆಲಸ ಬೇಕಾಗಿತ್ರಿ."

ಮುಷ್ಟಿ ಬಿಚ್ಚಿ ತೋರಿಸಿದೆ. ಅಜ್ಜಾರು, ರಸ್ತೆ ಆಚಿ ಕಡೆ ಧೋತರ ಹಿಡ್ಕೊಂಡು ನಿಂತ ಸಾವ್ಕಾರ್ರನ್ನ ಒಂದ್ಸಲ, ನನ್ನ ಖಾಲಿ ಅಂಗೈನ ಒಂದ್ಸಲ ನೋಡಿದ್ರು. ಮೀಸಿಯೊಳಗ ನಕ್ಕು, "ಪರೀಕ್ಷಾ ಪೂರಾ ಮುಗಿಸ್ಕೊಂಡು ಬಾ" ಅಂದ್ರು. ಉಳಿದ ಪೇಪರ್‌ಗಳನ್ನ ನಾನು ಹೊಟ್ಟಿ ತುಂಬ ಉಂಡು, ಹೊತ್ತಿಗೆ ಮುಂಚೆ ಹೋಗಿ ಬರದೆ. ಎಲ್ಲಾ ಪಾಸಾದೆ. ಕ್ವಾಂಟಮ್ ಒಂದ ಉಳೀತು, ಎಂಎಸ್ಸಿ ಸೀಟೂ ಹೋತು.

ಆ ವರ್ಷ ಪೂರ್ತಿ ಎದುರಿನ ಅಂಗಡ್ಯಾಗ ಕುಂತು ನಾನು ನೋಡಿದ್ದೇನು ಅಂದ್ರ, ಒಬ್ಬ ಮನಷ್ಯಾ ತನ್ನ ಅಂಗಡಿ ತಾನ ಹಾಳು ಮಾಡಿಕೊಳ್ಳೂದು. ಸಾವ್ಕಾರ್ರು ಕೈಗುಣ ಹುಡುಕಾಕ ಹತ್ತಿದ್ರು. ಒಂದು ವಾರ ಅಕ್ಕಾರ ಕೈಲೆ ಬೋಣಿಗಿ, ಒಂದು ವಾರ ಅಳಿಯನ ಕೈಲೆ, ಆಮ್ಯಾಲೆ ಹೂ ಮಾರಾಕಿ, ಆಮ್ಯಾಲೆ ಮಠದ ಅಯ್ಯನವರು. ಆ ಕೈಯವರು ಬರೂತನಕ ಬಂದ ಗಿರಾಕಿನ, "ಒಂದೀಟು ತಡೀರಿ, ಈಗ ಬಂದ್ಬಿಡ್ತಾರ" ಅಂತ ನಿಲ್ಲಿಸೂದು. ಗದ್ದಿ ಒಣಗಾಕತ್ತಿದ್ರ ಯಾರು ತಡೀತಾರ? ರಸ್ತೆ ದಾಟಿ ನಮ್ಮ ಕಡೆ ಬರ್ತಿದ್ರು. ನಾನು "ಬರ್ರಿ ಅಣ್ಣಾರ, ಬರ್ರಿ" ಅಂತ ಬೇಕಂತಲೇ ಆಚಿ ಕಡೆ ಕೇಳೂವಂಗ ಕೂಗ್ತಿದ್ದೆ. ಪಾಪ ಅನ್ಸಲಿಲ್ಲೇನು ಅಂತ ಗೆಳತಿಯೊಬ್ಬಾಕಿ ಕೇಳಿದ್ಲು. ಇಲ್ಲ. ಒಂದು ದಿನಾನೂ ಅನ್ಸಲಿಲ್ಲ.

ಮರುವರ್ಷ ಕ್ವಾಂಟಮ್ ಪೇಪರ್ ಮತ್ತ ಬರಿಯಾಕ ಹೋದೆ. ಅಮಾಸಿಗೆ ಇನ್ನೂ ನಾಕು ದಿನ ಇತ್ತು. ಗೇಟಿನ ಮುಂದ ಬೇವಿನ ಗಿಡದ ಬುಡಕ್ಕ ಸಾವ್ಕಾರ್ರು ನಿಂತಿದ್ರು. ಎದುರಿನ ಅಂಗಡಿ ಮೆಟ್ಟಲ ಹತ್ತಾಕ ಅವರಿಗೆ ಮರ್ಯಾದಿ ಅಡ್ಡ ಬರ್ತಿತ್ತು, ಅದಕ್ಕ ಇಲ್ಲಿ ಹಿಡದ್ರು. ಇಳದು ಹೋಗಿದ್ರು ಮನಷ್ಯಾ. ಅಂಗಿ ಮೈಮ್ಯಾಲೆ ತೂಗಾಡ್ತಿತ್ತು.

"ತಂಗಿ, ಆಗಿದ್ದು ಆಗಿಹೋತು. ಈ ಅಮಾಸಿಗೆ ಒಂದ್ಸಲ ಬಾರವಾ. ಗಲ್ಲಾದ ಮ್ಯಾಲೆ ಆ ಮುಷ್ಟಿ ಬಿಚ್ಚಿ ಹೋಗು. ಬ್ಯಾರೆ ಏನೂ ಕೇಳಂಗಿಲ್ಲ, ನಿನಗ ಕೈ ಮುಗಿತೀನಿ."

ಖರೆನ ಕೈ ಮುಗುದ್ರು. ಗೇಟಿನಾಗ ಹೋಗೋ ಬರೋ ಹುಡುಗ್ರೆಲ್ಲ ನೋಡಾಕತ್ತಿದ್ರು. ಮುಷ್ಟಿ ಅವತ್ತೂ ಖಾಲಿನ ಇತ್ರಿ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು. ನಾಲಿಗಿ ತುದಿಗೂ ಬಂದಿತ್ತು. ಅಷ್ಟರಾಗ ಒಳಗ ಗಂಟಿ ಹೊಡೀತು, ನನಗ ಆ ಗೇಟಿನ ಸರಳು ಕಾಣಿಸ್ತು. ಹಾಲ್ ಟಿಕೆಟ್ ಇದ್ದ ಕೈನ ಮುಷ್ಟಿ ಕಟ್ಟಿ ಎದಿಗೆ ಒತ್ತಿಕೊಂಡೆ.

"ಒಂದೀಟು ತಡೀರಿ ಸಾವ್ಕಾರ್ರ," ಅಂದೆ, "ಈಗ ಬಂದ್ಬಿಡ್ತೀನಿ."

ಅವರ ಮುಖ ಅರಳಿತು. ಆ ಮಾತು ತಮ್ಮದ ಅನ್ನೂದು ಸೈತ ಅವರಿಗೆ ನೆನಪಾಗಲಿಲ್ಲ. ಟವೆಲ್ ಝಾಡಿಸಿ ಬೇವಿನ ಬುಡಕ್ಕ ಕುಂತ್ರು.

ಮೂರು ತಾಸು ಬರದೆ. ಒಂದ ಹೊತ್ತಿನಾಗ ಎರಡು ದಾರಿ ಹಿಡಿಯೋ ಕಣದ ಪ್ರಶ್ನೆನೂ ಬಂದಿತ್ತು, ಚಿತ್ರ ಬಿಡಿಸಿ ಪೂರ್ತಿ ಬರದೆ. ಪೇಪರ್ ಕೊಟ್ಟು ವರಾಂಡಕ್ಕ ಬಂದು ನೋಡಿದೆ. ನೆರಳು ಸರದಿತ್ತು, ಸಾವ್ಕಾರ್ರು ಟವೆಲ್ ತಲಿಮ್ಯಾಲೆ ಹಾಕ್ಕೊಂಡು ಬಿಸಲಾಗ ಕುಂತು ಗೇಟನ್ನ ನೋಡಾಕತ್ತಿದ್ರು. ನಾನು ಸೈಕಲ್ ಸ್ಟ್ಯಾಂಡ್ ಕಡಿಗಿನ ಹಿಂದಿನ ಗೇಟಿನಿಂದ ಹೊರಗ ಬಿದ್ದು, ಇರಕಲ್ಲಗಡದ ಬಸ್ ಹತ್ತಿದೆ.