ಇಂಜಿನ್ ಇಳಿಸಲು ಒಪ್ಪದ ಭಾವ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಹಳೆಯ ಕಾರೊಂದು ಬಾನೆಟ್ ತೆರೆದುಕೊಂಡು ಗಡಗಡ ನಡುಗುತ್ತಿದೆ. ಅದರ ಮೇಲೆ ಬಾಗಿ ನಿಂತವರು ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಕಣ್ಣು ಮುಚ್ಚಿದ್ದಾರೆ. ಗೊತ್ತಿಲ್ಲದವರು ನೋಡಿದರೆ ಈ ಮನುಷ್ಯನಿಗೆ ಏನೋ ಆಗಿದೆ ಅಂದುಕೊಂಡು ನೀರು ತರಲು ಓಡಬೇಕು. ಏನೂ ಆಗಿಲ್ಲ, ಅವರು ಇಂಜಿನ್ನಿನ ಸದ್ದು ಕೇಳುತ್ತಿದ್ದಾರೆ.

ಲಾರಿಗಳ ಪಕ್ಕದಲ್ಲೇ ಪ್ರಾಯ ಕಳೆದದ್ದರಿಂದ ಅವರ ಎರಡೂ ಕಿವಿ ಮಂದ. ಆದರೆ ಬಲಗಡೆಯ ಒಂದು ದವಡೆ ಹಲ್ಲು ಈಗಲೂ ಗಟ್ಟಿ. ಸದ್ದು ಅದರ ಮೂಲಕ ನೇರವಾಗಿ ತಲೆಯೊಳಕ್ಕೆ ಹೋಗುತ್ತದೆ. ಹಲ್ಲಿನ ಡಾಕ್ಟರು ಅದನ್ನು ಕಿತ್ತು, ಇಡೀ ಸೆಟ್ಟೇ ಹಾಕಿಕೊಡುತ್ತೇನೆ ಎಂದು ಕರೆಯುತ್ತಲೇ ಇದ್ದಾರೆ. ಇವರು ಆ ಬೀದಿಗೇ ಕಾಲಿಡುವುದಿಲ್ಲ. “ಕಿವಿಗೆ ಊರಿನ ಗಲಾಟೆಯೆಲ್ಲ ಬರುತ್ತೆ. ಹಲ್ಲಿಗೆ ಇಂಜಿನ್ ಮಾತ್ರ ಬರುತ್ತೆ,” ಎನ್ನುತ್ತಾರೆ, ಸ್ಕ್ರೂಡ್ರೈವರ್ ಬಾಯಿಂದ ತೆಗೆದು.

ಇವರನ್ನು ಎಲ್ಲರೂ ಕರೆಯುವ ಹೆಸರು ಭಾವ. ಶೆಡ್ಡಿನಲ್ಲಿ ಜೊತೆಗೆ ದುಡಿಯುವವನು ಹೆಂಡತಿಯ ತಮ್ಮ. ಅವನು ದಿನವಿಡೀ ಭಾವ, ಭಾವ ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಶುರುಮಾಡಿದರು. “ನನ್ನ ತಮ್ಮ ಒಬ್ಬ ಕರೆದ, ಊರೆಲ್ಲ ನನ್ನ ತವರುಮನೆ ಆಗೋಯ್ತು,” ಎಂದು ಭಾವನ ಹೆಂಡತಿ ನಗುತ್ತಾರೆ. ದಿನಕ್ಕೆ ನಾಲ್ಕೈದು ಗಾಡಿಗಳು ಶೆಡ್ಡಿನ ಮುಂದೆ ಸಾಲು ನಿಲ್ಲುತ್ತವೆ. ಬಹುಪಾಲು ಬೇರೆ ಗ್ಯಾರೇಜಿನವರು ಕೈಚೆಲ್ಲಿದಂಥವು.

ಈ ವಾರ ಮಾತ್ರ ಶೆಡ್ಡಿನಲ್ಲಿ ಬೇರೆ ಕೆಲಸವೇ ಇಲ್ಲ. ನಡುಗುತ್ತಿರುವ ಕಾರು ನರ್ಸಮ್ಮನದು. ಹೆರಿಗೆ ಮಾಡಿಸುವುದರಲ್ಲೇ ಆಯುಷ್ಯ ಸವೆಸಿದವರು, ಕರೆ ಬಂದ ಮನೆಗೆಲ್ಲ ಇದರಲ್ಲೇ ಹೋಗಿಬಂದವರು. ಈಗ ಅವರ ಕಣ್ಣು ಮಂಜಾಗುತ್ತಿದೆ. ತಿಂಗಳ ಕೊನೆಗೆ ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ. ಅಷ್ಟರಲ್ಲಿ ಗುಡ್ಡದಾಚೆ ಇರುವ ತಂಗಿಯ ಮನೆಗೆ ಹೋಗಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಬರಬೇಕೆಂಬುದು ಅವರ ಆಸೆ. “ಆ ಸೀಟಲ್ಲಿ ಯಾವಾಗ್ಲೂ ನನ್ನ ಬ್ಯಾಗ್ ಇರ್ತಿತ್ತು ಭಾವ. ಅವಳು ಎಷ್ಟು ಸಲ ಕೇಳಿದ್ಲು, ಒಂದಿನಾನೂ ಕೂರಿಸ್ಕೊಳ್ಳಿಲ್ಲ,” ಎನ್ನುತ್ತಾರೆ. ವಯಸ್ಸಿನಲ್ಲಿ ಹಿರಿಯರಾದ ಅವರೂ ಭಾವ ಎನ್ನುವಾಗ ನಮ್ಮ ಭಾವನ ಮುಖ ಕೆಂಪಾಗುತ್ತದೆ.

ಹೊರಡಬೇಕೆನ್ನುವ ಹೊತ್ತಿಗೆ ಸರಿಯಾಗಿ ಇಂಜಿನ್ ಹೊಟ್ಟೆಯೊಳಗಿಂದ ದಡ್ ದಡ್ ಎನ್ನತೊಡಗಿದೆ. ಭಾಮೈದನಿಗೆ ಅನುಮಾನವೇ ಇಲ್ಲ. “ಬೇರಿಂಗ್ ಹೋಗಿದೆ. ಇಂಜಿನ್ ಇಳಿಸ್ಲೇಬೇಕು,” ಎಂದು ಪಟ್ಟು ಹಿಡಿದಿದ್ದಾನೆ. ಅವನ ಮಾತಲ್ಲಿ ತೂಕವೂ ಇದೆ. ಈ ಕಾರಿನ ಕೆಳಗೆ ಅಡ್ಡಡ್ಡಕ್ಕೆ ದಪ್ಪ ಕಬ್ಬಿಣದ ಪಟ್ಟಿ ಇರುವುದರಿಂದ, ಇಂಜಿನ್ ಇಳಿಸದೆ ಬೇರಿಂಗ್ ಮುಟ್ಟಲು ಬರುವುದಿಲ್ಲ. ಇಂಜಿನ್ ಎತ್ತಿ ಇಳಿಸಲೆಂದೇ ಹೊಸದಾಗಿ ಕೊಂಡ ಚೈನ್ ಪುಲ್ಲಿಯನ್ನು ಅವನು ಆಗಲೇ ತೊಲೆಗೆ ನೇತುಹಾಕಿ ಆಗಿದೆ. ಅದನ್ನು ಒಮ್ಮೆಯಾದರೂ ಎಳೆಯಲು ಅವನ ಕೈ ತುರಿಸುತ್ತಿರುವುದು ಎಲ್ಲರಿಗೂ ಕಾಣುತ್ತಿದೆ.

ಭಾವ ಒಪ್ಪುತ್ತಿಲ್ಲ. ಇಳಿಸಿದರೆ ಬೇರಿಂಗ್ ಹುಡುಕುವುದಕ್ಕೇ ವಾರಗಟ್ಟಲೆ ಬೇಕು, ನರ್ಸಮ್ಮ ಈ ಜನ್ಮದಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯುವುದಿಲ್ಲ. ಇಳಿಸದೆ ಕಳಿಸಿ ನಿಜಕ್ಕೂ ಬೇರಿಂಗೇ ಹೋಗಿದ್ದರೆ, ಗುಡ್ಡದ ಮೇಲೆ ಇಂಜಿನ್ ಒಡೆದು ಕಾರಿನ ಕಥೆಯೇ ಮುಗಿಯುತ್ತದೆ. ಶೆಡ್ಡಿನ ಹಿಂದೆ ಬಳ್ಳಿ ಹಬ್ಬಿದ ಟ್ಯಾಕ್ಸಿಯೊಂದಿದೆ. ಹುಮ್ಮಸ್ಸಿನ ವಯಸ್ಸಿನಲ್ಲಿ ಭಾವ ಅದರ ಇಂಜಿನ್ ಇಳಿಸಿದ್ದರು. ಬಿಡಿಭಾಗ ಸಿಗಲೇ ಇಲ್ಲ. ಕಾದು ಸಾಕಾದ ಮಾಲೀಕ ತರಕಾರಿ ಗಾಡಿ ತಳ್ಳಲು ಹೋದ. “ಅವನು ಇವತ್ತಿಗೂ ನಮ್ಮನೆ ಮುಂದೇನೇ ಕೂಗ್ಕೊಂಡು ಹೋಗ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ, ಅದೇ ನಂಗೆ ಕಷ್ಟ,” ಎನ್ನುತ್ತಾರೆ.

ಹಾಗಾಗಿ ಇಂದು ಬೆಳಗಾಗುವ ಮೊದಲೇ ಪರೀಕ್ಷೆ ಶುರು. ಇಂಜಿನ್ ಓಡುತ್ತಿರುವಾಗಲೇ ಭಾವ ಒಂದೊಂದಾಗಿ ಪ್ಲಗ್ಗಿನ ವೈರ್ ಕೀಳುತ್ತಾರೆ. ಬೇರಿಂಗ್ ಹೋಗಿದ್ದರೆ ಯಾವುದೋ ಒಂದು ವೈರ್ ಕಿತ್ತಾಗ ಸದ್ದು ಕಡಿಮೆಯಾಗಬೇಕು. ಮೊದಲನೆಯದು ಕಿತ್ತರು, ದಡ್ ದಡ್. ಎರಡನೆಯದು, ಮೂರನೆಯದು, ನಾಲ್ಕನೆಯದು. ಸದ್ದು ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಭಾವನ ಕಣ್ಣು ಅರಳಿತು. ಸ್ಕ್ರೂಡ್ರೈವರ್ ಕಚ್ಚಿಕೊಂಡು ಇಂಜಿನ್ನಿನ ಮುಂಭಾಗಕ್ಕೆ ಸರಿದು, ಬೆಲ್ಟ್ ತಿರುಗಿಸುವ ಚಕ್ರದ ಹತ್ತಿರ ನಿಂತರು. ಇಂಜಿನ್ ಆಫ್ ಮಾಡಿಸಿ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರೆ ಅದು ಟಕ್ ಎಂದು ಅಲ್ಲಾಡಿತು. ಅದನ್ನು ಹಿಡಿದಿಡುವ ಬೆರಳುದ್ದದ ಕಬ್ಬಿಣದ ತುಂಡು, ಗ್ಯಾರೇಜಿನವರು ಚಾವಿ ಎನ್ನುವುದು, ಸವೆದುಹೋಗಿದೆ. ಇಷ್ಟು ರಂಪ ಮಾಡಿದ್ದು ಆ ಚೂರು!

“ರೇಡಿಯೇಟರ್ ಬಿಚ್ಚಿದ್ರೆ ಸಾಕು, ರೇಡಿಯೇಟರ್ ಬಿಚ್ಚಿದ್ರೆ ಸಾಕು,” ಎಂದು ಭಾವ ಎರಡೆರಡು ಸಲ ಹೇಳುತ್ತಾ ಅರ ಹುಡುಕುತ್ತಾರೆ. ಖುಷಿಯಲ್ಲಿ ಅರ ತಮ್ಮ ಬಗಲಲ್ಲೇ ಇರುವುದು ಅವರಿಗೆ ಗೊತ್ತಾಗುವುದಿಲ್ಲ. ಗಟ್ಟಿ ಉಕ್ಕಿನ ತುಂಡೊಂದನ್ನು ಅರದಲ್ಲಿ ಉಜ್ಜಿ ಉಜ್ಜಿ ಹೊಸ ಚಾವಿ ಮಾಡಿ, ಕೂರಿಸಿ, ಬೋಲ್ಟು ಬಿಗಿದು ಸ್ಟಾರ್ಟ್ ಮಾಡಿದಾಗ ದಡ್ ದಡ್ ಪೂರ್ತಿ ನಿಂತಿದೆ. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಭಾವ ಮಾತ್ರ ಮತ್ತೆ ಸ್ಕ್ರೂಡ್ರೈವರ್ ಕಚ್ಚಿದ್ದಾರೆ. ದೊಡ್ಡ ಸದ್ದು ಹೋದ ಮೇಲೆ ಅದರಡಿ ಅಡಗಿದ್ದ ಸಣ್ಣದೊಂದು ಈಗ ಹಲ್ಲಿಗೆ ತಾಗುತ್ತಿದೆ. ಎರಡನೆಯ ಪ್ಲಗ್ಗಿನ ವೈರ್ ಕಿತ್ತರೆ ಅದು ಮಾಯ. ಅಂದರೆ ಭಾಮೈದ ಹೇಳಿದ್ದೂ ಸುಳ್ಳಲ್ಲ. ಬೇರೆ ಯಾರ ಕಿವಿಗೂ ಬೀಳದ ಈ ಸದ್ದನ್ನು ಮುಚ್ಚಿಟ್ಟರೆ ಕೇಳುವವರಿಲ್ಲ. ಅವರು ಕೈ ಒರೆಸಿಕೊಂಡು ನೇರವಾಗಿ ನರ್ಸಮ್ಮನ ಮುಂದೆ ಹೋಗಿ ನಿಲ್ಲುತ್ತಾರೆ.

“ಒಂದು ಸದ್ದು ಹೋಯ್ತು ನರ್ಸಮ್ಮ. ಅದರ ಕೆಳಗೆ ಇನ್ನೊಂದಿದೆ, ಬೇರಿಂಗ್ ಸವೆಯೋಕೆ ಶುರುವಾಗಿದೆ. ಗಟ್ಟಿ ಆಯಿಲ್ ಹಾಕಿ ಕೊಡ್ತೀನಿ. ನಿಧಾನಕ್ಕೆ ಹೋದ್ರೆ ಹೋಗಿ ಬರುತ್ತೆ ಅಂತ ನನ್ನ ಲೆಕ್ಕ. ಲೆಕ್ಕ ತಪ್ಪಿದ್ರೆ ಕಾರು ಹೋದ ಹಾಗೇ. ನೀವೇ ಹೇಳಿ.”

ನರ್ಸಮ್ಮ ಕಾರಿನ ಹತ್ತಿರ ಹೋಗಿ ಪಕ್ಕದ ಸೀಟಿನ ಬಾಗಿಲ ಮೇಲೆ ಕೈಯಿಡುತ್ತಾರೆ. “ಹೆರಿಗೆ ಮನೇಲಿ ನಂಗೂ ಇದೇ ಪಾಡು. ಕೊಯ್ಯೋಕೆ ಆಸ್ಪತ್ರೆಗೆ ಕಳಿಸೋದಾ, ಕಾಯೋದಾ? ಕಾಯೋಣ ಅಂದಾಗ್ಲೇ ಜಾಸ್ತಿ ಭಯ ಆಗ್ತಿತ್ತು,” ಎಂದವರೇ ಕೈ ಚಾಚುತ್ತಾರೆ. “ಕೀ ಕೊಡಿ.”

ಮಾರನೆಯ ಬೆಳಿಗ್ಗೆ ಅವರು ಹೊರಡುತ್ತಾರೆ. ಕಾರು ನಿಂತರೆ ಎಳೆದು ತರಲು ಹಗ್ಗ ಇಟ್ಟುಕೊಂಡು ಭಾಮೈದ ವ್ಯಾನಿನಲ್ಲಿ ಹಿಂದೆಯೇ ಹೋಗುತ್ತಾನೆ. ಶೆಡ್ಡಿನಲ್ಲಿ ಭಾವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಭಾಮೈದನ ಫೋನು ಬಂದರೂ ಅವರಿಗೆ ಕೇಳುವುದಿಲ್ಲ. ಹೆಂಡತಿಯೇ ಫೋನು ಹಿಡಿದು, ಬೀದಿಗೆಲ್ಲ ಕೇಳುವಂತೆ ವರದಿ ಒಪ್ಪಿಸುತ್ತಾರೆ. “ಗುಡ್ಡ ಹತ್ತುತ್ತಾ ಇದ್ದಾರಂತೆ. ಸೈಕಲ್ಲಿನವನು ಮುಂದೆ ಹೋದನಂತೆ. ಹತ್ತಿದ್ರಂತೆ ರೀ, ಹತ್ತಿಬಿಟ್ರಂತೆ.” ಎದುರು ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ಬರುತ್ತಾನೆ. ಭಾವ ಖಾಲಿ ಆಯಿಲ್ ಡಬ್ಬದ ಮೇಲೆ ಕುಕ್ಕರಿಸಿ, ಅಳುತ್ತಿರುವುದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ.

ಸಂಜೆ ಕಾರು ಬೀದಿಗೆ ತಿರುಗುತ್ತದೆ, ಪಕ್ಕದ ಸೀಟಲ್ಲಿ ತಂಗಿ. ಶೆಡ್ಡಿನ ಮುಂದೆ ನಿಲ್ಲಿಸಿ, ನರ್ಸಮ್ಮ ತಮ್ಮ ಕೈಯಾರೆ ಇಂಜಿನ್ ಆಫ್ ಮಾಡಿ ಕೀಯನ್ನು ಭಾವನ ಅಂಗೈಯಲ್ಲಿ ಇಡುತ್ತಾರೆ. “ಇನ್ನು ಇಳಿಸ್ಕೊಳ್ಳಿ. ಎಷ್ಟು ದಿನ ಆದ್ರೂ ಆಗ್ಲಿ.”

ಮರುದಿನ ಭಾಮೈದನ ಚೈನ್ ಪುಲ್ಲಿಗೆ ಕೊನೆಗೂ ಯೋಗ ಕೂಡಿಬರುತ್ತದೆ. ಇಳಿಸಿದ ಇಂಜಿನ್ನಿನಿಂದ ಭಾವ ಎರಡನೆಯ ಬೇರಿಂಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಮೇಲಿನ ಪದರ ಸವೆದು ತಾಮ್ರ ಕಾಣುತ್ತಿದೆ, ಆದರೆ ಅದರೊಳಗೆ ತಿರುಗುವ ದಂಡಕ್ಕೆ ಒಂದು ಗೀರೂ ಬಿದ್ದಿಲ್ಲ. ಭಾಮೈದ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. “ಇನ್ನೊಂದ್ಸಲ ಗುಡ್ಡ ಹತ್ತಿದ್ರೆ ಮುಗೀತಿತ್ತು ಭಾವ,” ಎನ್ನುತ್ತಾನೆ. “ಇನ್ನೊಂದ್ಸಲ ಕಳಿಸ್ತಿರ್ಲಿಲ್ಲ,” ಎನ್ನುತ್ತಾರೆ ಭಾವ.

ಈ ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ನರ್ಸಮ್ಮನ ತಂಗಿ. ತಲೆ ಪೂರ್ತಿ ನೆರೆತಿದೆ, ಕೈಯಲ್ಲಿ ಕೆಂಪು ಅಕ್ಷರದ ಎಲ್ ಬೋರ್ಡು ಹೊಳೆಯುತ್ತಿದೆ. “ಎಷ್ಟು ದಿನ ಆದ್ರೂ ಆಗ್ಲಿ ಅಂತ ಅಕ್ಕ ಹೇಳಿರ್ಬಹುದು. ನನಗೆ ಬೇಗ ಬೇಕು. ಅವಳು ಪಕ್ಕದಲ್ಲಿ ಕೂತು ಹೇಳಿಕೊಡ್ತಾಳೆ, ಮಾತಾಗಿದೆ,” ಎಂದು ಬೋರ್ಡನ್ನು ಬೆಂಚಿನ ಮೇಲಿಟ್ಟು ಹೋಗುತ್ತಾರೆ.

ಇಷ್ಟು ವರ್ಷ ದುಡಿದಿದ್ದೀರಿ, ನಿಮಗೇನು ಆಸೆ ಎಂದು ಕೇಳಿದರೆ ಭಾವ ಬಿಚ್ಚಿಟ್ಟ ಇಂಜಿನ್ನಿನ ಮೇಲೆ ಬಟ್ಟೆ ಹೊದಿಸುತ್ತಾ ಯೋಚಿಸುತ್ತಾರೆ.

“ನನಗೇನ್ ಬೇಕು? ಆ ತಂಗಮ್ಮ ಗೇರ್ ಹಾಕುವಾಗ ಕ್ಲಚ್ಚು ಪೂರ್ತಿ ಒತ್ಲಿ. ಅಷ್ಟೇ.”